ನೆಲ್ಲಿಕಾಯಿಗೆ ಕೇಸು, ಕರಿಕಲ್ಲಿಗೆ ಪರ್ಮಿಟ್ಟು

ಚಾಮರಾಜನಗರ ಅಂದ ಕೂಡಲೇ ನಮ್ಮ ಟಿವಿಯವರಿಗೆ ನೆನಪಾಗೋದು ಮೂರೇ ಮೂರು ವಿಷಯ. ಒಂದು, ಹುಲಿ ದಾಳಿ. ಎರಡು, ವೀರಪ್ಪನ್. ಮೂರು, ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಅನ್ನೋ ಮೂಢನಂಬಿಕೆ. ಈ ಮೂರನೆಯದರ ಮೇಲೆ ನಾವು ಚಾನೆಲ್‌ನವರು ಮಾಡಿದ ಕಾರ್ಯಕ್ರಮಗಳಿಗೆ ಲೆಕ್ಕವೇ ಇಲ್ಲ. ಹೋಗ್ತಾರಾ, ಹೋಗಲ್ವಾ, ಹೋದ್ರೆ ಏನಾಗುತ್ತೆ ಅಂತ ಜ್ಯೋತಿಷಿಗಳನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಚರ್ಚೆ ಮಾಡಿದ್ದೇವೆ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಹೋಗಿ ಬಂದರು, 2013ರಿಂದ 2018ರವರೆಗೆ ಐದು ವರ್ಷವನ್ನೂ ಪೂರೈಸಿದರು. ಆದರೂ ನಮ್ಮ ಚರ್ಚೆ ನಿಲ್ಲಲಿಲ್ಲ. ಆದರೆ ಆ ಜಿಲ್ಲೆಯಿಂದ ದಿನಾ ಲಾರಿಗಟ್ಟಲೆ ಹೊರಗೆ ಹೋಗುವ ಕಲ್ಲಿನ ಬಗ್ಗೆ, ಆ ಬೆಟ್ಟಗಳಲ್ಲಿ ತಲೆತಲಾಂತರದಿಂದ ಬದುಕಿರುವ ಜನರ ಬಗ್ಗೆ ಎಷ್ಟು ಹೊತ್ತು ಮಾತಾಡಿದ್ದೇವೆ? ಲೆಕ್ಕ ಹಾಕಿದರೆ ನಮಗೇ ನಾಚಿಕೆಯಾಗುತ್ತೆ. ಇವತ್ತು ಆ ಸಾಲವನ್ನು ಸ್ವಲ್ಪವಾದರೂ ತೀರಿಸೋಣ.

ಒಂದು ಸರಳ ಪ್ರಶ್ನೆಯಿಂದ ಶುರು ಮಾಡ್ತೀನಿ. ಜಿಲ್ಲೆ ಒಂದೇ. ಒಂದು ಕಡೆ ಸೋಲಿಗರ ಹೆಣ್ಣುಮಗಳೊಬ್ಬಳು ಕಾಡಿಗೆ ಹೋಗಿ ಒಂದು ಬುಟ್ಟಿ ನೆಲ್ಲಿಕಾಯಿ ಕಿತ್ತು ತರ್ತಾಳೆ. ಮರ ಅಲ್ಲೇ ಇರುತ್ತೆ, ಮುಂದಿನ ವರ್ಷ ಮತ್ತೆ ಕಾಯಿ ಬಿಡುತ್ತೆ. ಇನ್ನೊಂದು ಕಡೆ ಒಬ್ಬ ಗುತ್ತಿಗೆದಾರ ಗುಡ್ಡಕ್ಕೆ ಮದ್ದು ಇಟ್ಟು ಸಿಡಿಸಿ, ಬಂಡೆಯನ್ನು ಕೊಯ್ದು ಲಾರಿಗೆ ಏರಿಸ್ತಾನೆ. ಆ ಗುಡ್ಡ ಮುಂದಿನ ವರ್ಷವಲ್ಲ, ಮುಂದಿನ ಯುಗಕ್ಕೂ ಮತ್ತೆ ಹುಟ್ಟಲ್ಲ. ಇವರಿಬ್ಬರಲ್ಲಿ ಪ್ರಕೃತಿಗೆ ಹಾನಿ ಮಾಡಿದವರು ಯಾರು? ಮೂರನೇ ಕ್ಲಾಸಿನ ಮಗುವೂ ಸರಿಯಾದ ಉತ್ತರ ಹೇಳುತ್ತೆ. ನಮ್ಮ ಸರ್ಕಾರಿ ವ್ಯವಸ್ಥೆ ಮಾತ್ರ ವರ್ಷಗಟ್ಟಲೆ ಉಲ್ಟಾ ಉತ್ತರ ಕೊಟ್ಟಿತು. ನೆಲ್ಲಿಕಾಯಿ ಕಿತ್ತವಳು ಕಾನೂನು ಮುರಿದವಳು. ಬಂಡೆ ಸಿಡಿಸಿದವನು ರಾಜಧನ ಕಟ್ಟಿದ ಲೀಸುದಾರ. ಇದು ಹೇಗಾಯ್ತು? ಇದನ್ನು ತಿಳಿಯಬೇಕಾದರೆ ಬಿಳಿಗಿರಿರಂಗನ ಬೆಟ್ಟ ಹತ್ತಬೇಕು, ಸ್ವಲ್ಪ ಹಿಂದಕ್ಕೂ ಹೋಗಬೇಕು.

ಸೋಲಿಗರು ಯಾರು? ಬಿದಿರಿನಿಂದ ಹುಟ್ಟಿದವರು ಅಂತ ಅವರೇ ತಮ್ಮ ಕಥೆ ಹೇಳ್ತಾರೆ. ಮಲೆ ಮಹದೇಶ್ವರನ ಕಥೆಯಲ್ಲಿ ಬರುವ ಕಾರಯ್ಯ ಅವರ ಮೂಲಪುರುಷ. ಬಿಳಿಗಿರಿಯ ರಂಗನಾಥಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ ಅನ್ನೋದು ಅಲ್ಲಿನ ಐತಿಹ್ಯ. ಹಾಗಾಗಿ ಊರಿಗೆಲ್ಲ ದೇವರಾದ ರಂಗಪ್ಪ ಸೋಲಿಗರಿಗೆ ಮಾತ್ರ ಭಾವ. ದೇವರನ್ನೇ ಭಾವ ಅಂತ ಕರೆಯುವ ಸಲುಗೆ ಇರೋ ಜನ ಇವರು. ಇವರ ಊರಿಗೆ ಪೋಡು ಅಂತ ಹೆಸರು. ಬೆಟ್ಟದ ಒಳಗೂ ಅಂಚಿನಲ್ಲೂ ಹತ್ತಾರು ಪೋಡುಗಳಿವೆ, ಅವುಗಳಲ್ಲಿ ಸುಮಾರು 16 ಸಾವಿರ ಸೋಲಿಗರಿದ್ದಾರೆ. ಹಿಂದೆ ಒಂದು ಕಡೆ ರಾಗಿ ಬಿತ್ತಿ, ಕೆಲವು ವರ್ಷದ ಮೇಲೆ ಆ ನೆಲ ಬಿಟ್ಟು ಇನ್ನೊಂದು ಕಡೆ ಹೋಗುತ್ತಿದ್ದರು. ಗೆಣಸು ಅಗೆಯುತ್ತಿದ್ದರು, ಜೇನು ಇಳಿಸುತ್ತಿದ್ದರು. ಕಾಡು ಅವರಿಗೆ ಮನೆಯೂ ಹೌದು, ದೇವಸ್ಥಾನವೂ ಹೌದು, ರೇಷನ್ ಅಂಗಡಿಯೂ ಹೌದು.

ಹೊರಗಿನವರು ಈ ಬೆಟ್ಟಕ್ಕೆ ಬಂದದ್ದು ಒಂದೊಂದು ಕಾಲಕ್ಕೆ ಒಂದೊಂದು ಆಸೆ ಹೊತ್ತು. 1870ರ ದಶಕದಲ್ಲಿ ಸ್ಯಾಂಡರ್ಸನ್ ಅನ್ನೋ ಬ್ರಿಟಿಷ್ ಅಧಿಕಾರಿ ಬಂದ, ಆನೆಗಾಗಿ. 1874ರಲ್ಲಿ ಚಾಮರಾಜನಗರದ ಹತ್ತಿರ ಅವನು ನಡೆಸಿದ ಖೆಡ್ಡಾ ಮೈಸೂರು ಸೀಮೆಯಲ್ಲಿ ಹೆಸರುವಾಸಿ. ಕಾಡಿನಲ್ಲಿ ಹೆಜ್ಜೆ ಗುರುತು ಹಿಡಿದು ದಾರಿ ತೋರಿಸಲು ಅವನಿಗೆ ಬೇಕಾದವರು ಸೋಲಿಗರೇ. 1880ರ ದಶಕದಲ್ಲಿ ಮಾರಿಸ್ ಕುಟುಂಬ ಬಂತು, ಕಾಫಿಗಾಗಿ. ಅತ್ತಿಖಾನೆಯ ತೋಟ ಎದ್ದದ್ದು ಹಾಗೆ. ಆಮೇಲೆ ಅರಣ್ಯ ಇಲಾಖೆ ಬಂತು, ಮರಮುಟ್ಟಿಗಾಗಿ. ಪ್ರತಿ ಸಲವೂ ಸೋಲಿಗ ಕೂಲಿಯಾದ, ದಾರಿ ತೋರಿಸುವವನಾದ, ಹೊರೆ ಹೊರುವವನಾದ. ಆದರೆ ನಿನ್ನ ಬೆಟ್ಟದಲ್ಲಿ ಇದನ್ನು ಮಾಡಬಹುದಾ ಅಂತ ಅವನನ್ನು ಒಮ್ಮೆಯೂ ಯಾರೂ ಕೇಳಲಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದೇ ಪ್ರಶ್ನೆಯ ಸುತ್ತ ನಡೆಯುತ್ತೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿ ಧಾಮವಾಯ್ತು. 1987ರಲ್ಲಿ ಅದು ಸುಮಾರು 540 ಚದರ ಕಿಲೋಮೀಟರಿಗೆ ಬೆಳೀತು. ಉದ್ದೇಶ ಒಳ್ಳೆಯದೇ. ಹುಲಿ ಉಳಿಯಬೇಕು, ಆನೆ ಉಳಿಯಬೇಕು. ನಾನು ಅದನ್ನು ತಪ್ಪು ಅನ್ನಲ್ಲ. ಆದರೆ ಅದರ ಜೊತೆಗೇ ಸೋಲಿಗರ ಬೇಸಾಯ ನಿಂತಿತು, ಬೇಟೆ ನಿಂತಿತು. ಚದುರಿಕೊಂಡಿದ್ದವರನ್ನು ತಂದು ಒಂದೊಂದು ಕಡೆ ಕೂರಿಸಿದರು. ಅವರು ಹಾಕುತ್ತಿದ್ದ ತರಗು ಬೆಂಕಿಯೂ ಅಪರಾಧವಾಯ್ತು. ತರಗು ಬೆಂಕಿ ಅಂದ್ರೆ ಬೇಸಿಗೆ ಬಲಿಯುವ ಮೊದಲೇ ಒಣಗಿದ ಎಲೆ, ಹುಲ್ಲಿಗೆ ಹಚ್ಚುವ ಸಣ್ಣ ಬೆಂಕಿ. ಅದು ದೊಡ್ಡ ಮರವನ್ನು ಸುಡಲ್ಲ, ನೆಲದ ಕಳೆಯನ್ನು ಮಾತ್ರ ಸುಡುತ್ತೆ. ಅದು ನಿಂತ ಮೇಲೆ ಲಂಟಾನ ಬೆಟ್ಟವನ್ನೇ ನುಂಗಿತು ಅಂತ ಸೋಲಿಗರು ಹೇಳುತ್ತಲೇ ಬಂದರು. ಎಷ್ಟೋ ವರ್ಷದ ಮೇಲೆ ವಿಜ್ಞಾನಿಗಳು ಅಧ್ಯಯನಕ್ಕೆ ಕೂತಾಗ, ಈ ಹಿರಿಯರ ಮಾತನ್ನು ತಳ್ಳಿಹಾಕೋ ಹಾಗಿಲ್ಲ ಅಂತ ಬರೆದರು.

ಈಗ ಬೆಟ್ಟದಿಂದ ಕೆಳಗಿಳಿದು ಬಯಲಿಗೆ ಬನ್ನಿ. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ, ಗುಂಡ್ಲುಪೇಟೆ ಸೀಮೆಯ ನೆಲದಡಿ ಕರಿಕಲ್ಲಿನ ಪಟ್ಟಿಗಳು ಹಾದುಹೋಗಿವೆ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯ ಬಿರುಕಿನಲ್ಲಿ ಕರಗಿದ ಶಿಲೆ ನುಗ್ಗಿ, ತಣ್ಣಗಾಗಿ, ಗೋಡೆಯ ಹಾಗೆ ನಿಂತದ್ದು ಇದು. ಪಾಲಿಶ್ ಕೊಟ್ಟರೆ ಕನ್ನಡಿ. ಲೋಕದ ಮಾರುಕಟ್ಟೆಯಲ್ಲಿ ಚಾಮರಾಜನಗರದ ಕರಿಕಲ್ಲಿಗೆ ತನ್ನದೇ ಹೆಸರಿದೆ. ಎಲ್ಲಿಗೆ ಹೋಗುತ್ತೆ ಗೊತ್ತಾ ಇಂಥ ಕಲ್ಲು? ಹೆಚ್ಚಾಗಿ ಸಮಾಧಿಗಳಿಗೆ. ಯುರೋಪಿನಲ್ಲಿ, ಜಪಾನಿನಲ್ಲಿ ಸತ್ತವರ ಹೆಸರು ಕೆತ್ತಲು ದಕ್ಷಿಣ ಭಾರತದ ಕರಿಕಲ್ಲೇ ಬೇಕು. ಅಮೆರಿಕದ ವಾಷಿಂಗ್ಟನ್‌ನಲ್ಲಿ 1982ರಲ್ಲಿ ವಿಯೆಟ್ನಾಂ ಯುದ್ಧದ ಸ್ಮಾರಕ ಎದ್ದಿತು. 58 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಕೆತ್ತಿರುವ ಆ ಕಪ್ಪು ಗೋಡೆಯ ಕಲ್ಲು ಬೆಂಗಳೂರಿನ ಕಡೆಯಿಂದಲೇ ಹೋದದ್ದು.

ಆ ಸಮಾಧಿಗಳ ಬಗ್ಗೆ ನನಗೆ ಗೌರವವಿದೆ. ಸತ್ತವರನ್ನು ನೆನೆಯುವುದು ಮನುಷ್ಯನ ಗುಣ. ಆದರೆ ಸೋಲಿಗರಿಗೂ ಸತ್ತ ಹಿರಿಯರಿದ್ದಾರೆ ಸ್ವಾಮಿ. ಅವರ ನೆನಪಿಗೂ ಕಲ್ಲುಗಳಿವೆ. ಅದಕ್ಕೆ ಅವರು ಕಲ್ಲುಗುಡಿ ಅಂತಾರೆ. ಅದು ಪಾಲಿಶ್ ಮಾಡಿದ ಕಲ್ಲಲ್ಲ, ಹೆಸರು ಕೆತ್ತಿದ ಕಲ್ಲಲ್ಲ. ಕಾಡಿನೊಳಗೆ ಸುಮ್ಮನೆ ನಿಂತ ಕಲ್ಲು. ನಮ್ಮ ಇಲಾಖೆಗಳ ಕಣ್ಣಿಗೆ ಕಲ್ಲು ಅಂದ್ರೆ ಘನ ಮೀಟರ್ ಲೆಕ್ಕ. ಇಷ್ಟು ಘನ ಮೀಟರಿಗೆ ಇಷ್ಟು ರಾಜಧನ. ಸೋಲಿಗನ ಕಣ್ಣಿಗೆ ಅದೇ ಕಲ್ಲು ಅಜ್ಜ. ಇಬ್ಬರೂ ಒಂದೇ ಕಲ್ಲನ್ನು ನೋಡ್ತಿದ್ದಾರೆ, ಆದರೆ ಕಡತಕ್ಕೆ ಏರಿದ್ದು ಒಬ್ಬನ ಲೆಕ್ಕ ಮಾತ್ರ.

1980, 90ರ ದಶಕಗಳಲ್ಲಿ ಈ ಕರಿಕಲ್ಲಿನ ದುಡ್ಡು ಜಿಲ್ಲೆಯ ರಾಜಕೀಯವನ್ನೇ ಬದಲಾಯಿಸಿತು. ದುಡ್ಡು ಇದ್ದ ಕಡೆ ವೀರಪ್ಪನ್ ಬಂದ. ಕಲ್ಲು ಕ್ವಾರಿ ಮಾಲೀಕರಿಂದ ಅವನು ವಸೂಲಿ ಮಾಡುತ್ತಿದ್ದ ಕಥೆ ಆ ಕಾಲದ ಪೇಪರ್ ಓದಿದವರಿಗೆಲ್ಲ ಗೊತ್ತು. ಅವನನ್ನು ಹಿಡಿಯಲು ಎರಡು ರಾಜ್ಯಗಳ ವಿಶೇಷ ಪೊಲೀಸ್ ಪಡೆ ಬಂತು. ಏಟು ತಿಂದವರು ಯಾರು? ಕಾಡಂಚಿನ ಬಡವರು, ಅವರಲ್ಲಿ ಸೋಲಿಗರೂ ಸೇರಿದ್ದರು. ಊಟ ಕೊಟ್ಟಿರಿ ಅಂತ ಒಂದು ಕಡೆಯ ಹಿಂಸೆ, ಮಾಹಿತಿ ಕೊಟ್ಟಿರಿ ಅಂತ ಇನ್ನೊಂದು ಕಡೆಯ ಹಿಂಸೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿ ವಿಚಾರಣೆ ನಡೆಸಿತು. ಕೊನೆಗೆ 2007ರಲ್ಲಿ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಹೇಳಿತು. ಅಷ್ಟು ಹೊತ್ತಿಗೆ ವೀರಪ್ಪನ್ ಸತ್ತು ಎರಡು ವರ್ಷ ಕಳೆದಿತ್ತು. ಕಲ್ಲಿನ ಲಾರಿಗಳು ಮಾತ್ರ ಓಡುತ್ತಲೇ ಇದ್ದವು.

ಇಷ್ಟರ ನಡುವೆಯೂ ಬೆಟ್ಟದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೀತಿತ್ತು. 1980ರ ಸುಮಾರಿಗೆ ಡಾಕ್ಟರ್ ಎಚ್. ಸುದರ್ಶನ್ ಬೆಟ್ಟಕ್ಕೆ ಬಂದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯ್ತು. ಮೊದಲು ಆಸ್ಪತ್ರೆ, ಆಮೇಲೆ ಶಾಲೆ. ಅವರ ಕೆಲಸಕ್ಕೆ 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂತು. ಆದರೆ ನನ್ನ ಪ್ರಕಾರ ಅಲ್ಲಿ ಆದ ದೊಡ್ಡ ಕೆಲಸ ಪ್ರಶಸ್ತಿಗಿಂತ ಆಚೆಯದು. ಸೋಲಿಗರು ಸಂಘ ಕಟ್ಟಿದರು. ಪೋಡಿಗೊಂದು ಸಂಘ, ತಾಲ್ಲೂಕಿಗೊಂದು ಸೋಲಿಗ ಅಭಿವೃದ್ಧಿ ಸಂಘ, ಅದರ ಮೇಲೆ ಜಿಲ್ಲಾ ಬುಡಕಟ್ಟು ಗಿರಿಜನ ಅಭಿವೃದ್ಧಿ ಸಂಘ. ಅಧಿಕಾರಿ ಬಂದರೆ ಮರದ ಹಿಂದೆ ಅವಿತುಕೊಳ್ಳುತ್ತಿದ್ದ ಜನ ಮೆಟ್ಟಿಲೇರಿ ಅರ್ಜಿ ಕೊಡಲು ಕಲಿತರು. ಮರಗಳ್ಳರ ವಿರುದ್ಧ ನಿಂತರು, ಬೆಟ್ಟದ ಕಲ್ಲುಗಣಿಗಾರಿಕೆ ವಿರುದ್ಧವೂ ದನಿ ಎತ್ತಿದರು. ಬೆದರಿಕೆಗೆ ಬಗ್ಗದ ಒಂದು ತಲೆಮಾರು ಅಲ್ಲಿ ಬೆಳೀತು.

ಆಗ ಬಂತು ಇನ್ನೊಂದು ಪೆಟ್ಟು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಯ್ತು. ಅಭಯಾರಣ್ಯದಿಂದ ಮಾರಾಟಕ್ಕಾಗಿ ಏನನ್ನೂ ತರುವಂತಿಲ್ಲ ಅನ್ನೋ ನಿಯಮವನ್ನು ಬಿಳಿಗಿರಿಯಲ್ಲಿ 2006ರಿಂದ ಬಿಗಿಯಾಗಿ ಜಾರಿ ಮಾಡಿದರು. ಜೇನು ಬಂದ್. ನೆಲ್ಲಿಕಾಯಿ ಬಂದ್. ಪಾಚಿ ಬಂದ್. ಸರ್ಕಾರವೇ ಹುಟ್ಟುಹಾಕಿದ ಲ್ಯಾಂಪ್ಸ್ ಸೊಸೈಟಿಗಳು ಇದನ್ನೇ ಕೊಂಡು ಮಾರುತ್ತಿದ್ದವು, ಸೋಲಿಗರ ಮನೆಗಳಿಗೆ ದುಡ್ಡು ಬರುತ್ತಿದ್ದದ್ದೂ ಬಹುಪಾಲು ಇದರಿಂದಲೇ. ಒಂದೇ ಏಟಿಗೆ ಅದು ನಿಂತಿತು. ಗಂಡಸರು ಹೆಂಗಸರು ಕೊಡಗಿನ ಕಾಫಿ ತೋಟಗಳಿಗೆ, ಗಡಿಯಾಚೆಗೆ ಕೂಲಿಗೆ ಹೊರಟರು. ನಾನು ಶುರುವಿನಲ್ಲಿ ಕೇಳಿದ ಪ್ರಶ್ನೆ ಕಟ್ಟುಕಥೆಯಲ್ಲ ಅಂತ ಈಗ ಗೊತ್ತಾಯ್ತಲ್ಲ? ಬೆಟ್ಟದ ಮೇಲೆ ಬುಟ್ಟಿಗೆ ತಡೆ. ಅದೇ ಜಿಲ್ಲೆಯ ಬಯಲಿನಲ್ಲಿ ಮದ್ದಿಗೆ ಅನುಮತಿ. ಐದು ಹೆಕ್ಟೇರಿಗಿಂತ ಚಿಕ್ಕ ಕಲ್ಲುಗಣಿಗೆ 2012ರವರೆಗೆ ಪರಿಸರ ಇಲಾಖೆಯ ಅನುಮತಿಯೇ ಬೇಕಿರಲಿಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದು ಕಡ್ಡಾಯವಾಯ್ತು. ಅಂದ್ರೆ ನೆಲ್ಲಿಕಾಯಿಗೆ ಇದ್ದಷ್ಟು ಬಿಗಿ ಕಾನೂನು ಗುಡ್ಡಕ್ಕೆ ಇರಲಿಲ್ಲ.

ಇದು ಸೋಲಿಗರೊಬ್ಬರ ಕಥೆಯಲ್ಲ. ನಮ್ಮದೇ ರಾಜ್ಯದ ಕುದುರೆಮುಖ ನೋಡಿ. ಅಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಸರ್ಕಾರಿ ಕಂಪನಿ ಬಂತು. 1987ರಲ್ಲಿ ಅದೇ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಮಲೆಕುಡಿಯರಿಗೆ ಕಾಡು ಬಿಟ್ಟು ಹೊರಡಿ ಅಂದರು. ಯಂತ್ರಗಳು ಮಾತ್ರ ಭದ್ರಾ ನದಿಯ ತಲೆಯ ಮೇಲೆ ಗುಡ್ಡ ಕೊರೆಯುತ್ತಲೇ ಇದ್ದವು. ಪರಿಸರ ಹೋರಾಟಗಾರರು ಸುಪ್ರೀಂ ಕೋರ್ಟಿಗೆ ಹೋಗಿ, 2002ರಲ್ಲಿ ತೀರ್ಪು ಬಂದು, 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಮಣ್ಣು ಅಗೆಯುವವನಿಗೆ ಗಡುವಿನ ಮೇಲೆ ಗಡುವು, ಗೆಣಸು ಅಗೆಯುವವನಿಗೆ ನೋಟಿಸು.

ಹಾಗಾದರೆ ಬದಲಾವಣೆ ಬಂದದ್ದು ಯಾವಾಗ? 2006ರ ಡಿಸೆಂಬರ್‌ನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಪಾಸು ಮಾಡಿತು. 2007ರ ಡಿಸೆಂಬರ್ 31ರಿಂದ ಅದು ಜಾರಿಗೆ ಬಂತು. ಕಾಡಿನ ಜನರಿಗೆ ಐತಿಹಾಸಿಕ ಅನ್ಯಾಯವಾಗಿದೆ ಅಂತ ಆ ಕಾಯ್ದೆಯ ಪೀಠಿಕೆಯಲ್ಲೇ ಸರ್ಕಾರ ಒಪ್ಪಿಕೊಂಡಿದೆ. ಅದರಲ್ಲಿ ಉಳುವ ನೆಲದ ಹಕ್ಕು ಮಾತ್ರ ಇಲ್ಲ. ಇಡೀ ಊರಿಗೆ ಸೇರಿದ ಸಮುದಾಯದ ಹಕ್ಕೂ ಇದೆ. ಜೇನು, ಕಾಯಿ ತರುವ ಹಕ್ಕು, ಕಾಡನ್ನು ಕಾಯುವ ಹಕ್ಕು. ಐದನೇ ಸೆಕ್ಷನ್ ಅಂತೂ ಕಾಡು, ಪ್ರಾಣಿ, ನೀರಿನ ಮೂಲಗಳನ್ನು ರಕ್ಷಿಸುವ ಅಧಿಕಾರವನ್ನು ಗ್ರಾಮಸಭೆಗೇ ಕೊಡುತ್ತೆ. 2009ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇನ್ನೊಂದು ಸುತ್ತೋಲೆ ಹೊರಡಿಸಿತು. ಕಾಡಿನ ನೆಲವನ್ನು ಗಣಿಗೋ ಅಣೆಕಟ್ಟಿಗೋ ಕೊಡಬೇಕಾದರೆ ಮೊದಲು ಗ್ರಾಮಸಭೆ ಒಪ್ಪಬೇಕು. ನೂರು ವರ್ಷ ಯಾರೂ ಕೇಳದ ಪ್ರಶ್ನೆ ಕಾಗದದ ಮೇಲಾದರೂ ಬಂತು.

ಸೋಲಿಗರು ಹಕ್ಕು ಕೇಳಿದ ರೀತಿ ನೋಡಿ, ನನಗೆ ಅದೇ ಅಚ್ಚರಿ. ಅವರ ಬಳಿ ಪತ್ರವಿಲ್ಲ, ಖಾತೆಯಿಲ್ಲ, ಪಹಣಿಯಿಲ್ಲ. ಆದರೆ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದ್ದೇ ಎಲ್ಲೆ ಇದೆ. ಆ ಎಲ್ಲೆಯೊಳಗೆ ಅವರ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರುತ್ತವೆ. ಅಬ್ಬಿ ಅಂದ್ರೆ ನೀರಿನ ನೆಲೆ. ಹಿರಿಯರು ಮುಂದೆ ನಡೆದರು, ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಜಿಪಿಎಸ್ ಹಿಡಿದು ಹಿಂದೆ ನಡೆದರು. ಸುಮಾರು 500 ಜಾಗಗಳು ನಕ್ಷೆಗೆ ಬಂದವು. ಭಾರ್ಗವಿ ಹಳ್ಳದ ದಂಡೆಯ ದೊಡ್ಡ ಸಂಪಿಗೆ ಮರವೂ ಅವರ ಅಂಥದೇ ಒಂದು ದೇವರ ಜಾಗ. ಗಣಿ ಇಲಾಖೆಯ ನಕ್ಷೆಯಲ್ಲಿ ಕಲ್ಲು ಅಂದ್ರೆ ಖನಿಜ. ಈ ನಕ್ಷೆಯಲ್ಲಿ ಕಲ್ಲಿಗೆ ಹೆಸರಿತ್ತು, ಕುಲವಿತ್ತು, ಹಬ್ಬವಿತ್ತು. ಅಜ್ಜನ ಕಲ್ಲು ಮೊದಲ ಬಾರಿ ಹಕ್ಕಿನ ದಾಖಲೆಯಾಯ್ತು.

2011ನೇ ಇಸವಿ ನೆನಪಿದೆಯಾ? ಆ ವರ್ಷ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯ್ತು. ನಮ್ಮನ್ನು ಕೇಳದೆ ಮಾಡಿದಿರಿ ಅಂತ ಸೋಲಿಗರು ವಿರೋಧಿಸಿದರು. ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಬಳ್ಳಾರಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಬೊಕ್ಕಸಕ್ಕೆ 16 ಸಾವಿರ ಕೋಟಿಗೂ ಹೆಚ್ಚು ನಷ್ಟ ಅಂತ ಅದರಲ್ಲಿತ್ತು. ಜುಲೈ 31ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ನಮ್ಮ ಕ್ಯಾಮೆರಾಗಳೆಲ್ಲ ಬೆಂಗಳೂರು, ಬಳ್ಳಾರಿ ನಡುವೆ ಓಡಾಡುತ್ತಿದ್ದವು. ಓಡಾಡಬೇಕಿತ್ತು, ಅದು ತಪ್ಪಲ್ಲ. ಆದರೆ ಅದೇ ವರ್ಷ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಬಿಳಿಗಿರಿಯ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಗಣಿ ಮಾಡಿದವರು ಜೈಲಿಗೆ ಹೋದ ಸುದ್ದಿ ನಿಮಗೆಲ್ಲ ಗೊತ್ತು. ಬೆಟ್ಟ ಕಾದವರಿಗೆ ಹಕ್ಕು ಸಿಕ್ಕಿದ ಸುದ್ದಿ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಗೊತ್ತಿಲ್ಲದಿದ್ದರೆ ತಪ್ಪು ನಿಮ್ಮದಲ್ಲ, ನಮ್ಮದು.

ಜನಕ್ಕೆ ಹಕ್ಕು ಕೊಟ್ಟರೆ ಹುಲಿ ಸಾಯುತ್ತೆ ಅಂತ ಹೆದರಿಸಿದವರಿದ್ದರು. ಹುಲಿ ಸಾಯಲಿಲ್ಲ. 2010ರ ಸುಮಾರಿಗೆ 35 ಇದ್ದ ಹುಲಿ 2014ರ ಹೊತ್ತಿಗೆ 68 ಆಯ್ತು ಅಂತ ಎಣಿಕೆ ಹೇಳಿತು. ಇದಕ್ಕೆ ಸೋಲಿಗರ ಹಕ್ಕೊಂದೇ ಕಾರಣ ಅಂತ ನಾನು ಹೇಳಲ್ಲ, ಅರಣ್ಯ ಸಿಬ್ಬಂದಿಯ ದುಡಿಮೆಯೂ ಇದೆ. ಆದರೆ ಜನ ಇದ್ದರೆ ಹುಲಿ ಉಳಿಯಲ್ಲ ಅನ್ನೋ ಮಾತು ಮಾತ್ರ ಅಲ್ಲಿ ನಿಲ್ಲಲಿಲ್ಲ.

ಈ ಕಾಯ್ದೆಗೆ ಎಷ್ಟು ಶಕ್ತಿ ಇದೆ ಅಂತ ದೇಶಕ್ಕೆ ತೋರಿಸಿದ್ದು ಒಡಿಶಾದ ನಿಯಮಗಿರಿ. ಅಲ್ಲಿನ ಬೆಟ್ಟದಲ್ಲಿ ಬಾಕ್ಸೈಟ್ ಇದೆ, ವೇದಾಂತ ಕಂಪನಿಯ ಕಾರ್ಖಾನೆಗೆ ಅದು ಬೇಕಿತ್ತು. ಡೋಂಗ್ರಿಯಾ ಕೋಂಧ್ ಜನ, ಅದು ನಮ್ಮ ದೇವರು ನಿಯಮರಾಜನ ಬೆಟ್ಟ, ಕೊಡಲ್ಲ ಅಂದರು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಗ್ರಾಮಸಭೆಯನ್ನೇ ಕೇಳಿ ಅಂತ ಹೇಳಿತು. ಹನ್ನೆರಡು ಹಳ್ಳಿಗಳಲ್ಲಿ ಸಭೆ ಸೇರಿತು. ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ. ಸಾವಿರಾರು ಕೋಟಿಯ ಕಂಪನಿಯನ್ನು ಹನ್ನೆರಡು ಪುಟ್ಟ ಹಳ್ಳಿಗಳು ತಡೆದವು. ಕೇಳಿದ್ದಕ್ಕೆ ತಾನೇ ಉತ್ತರ ಸಿಕ್ಕಿದ್ದು?

ಈಗ ಗುಂಡ್ಲುಪೇಟೆಗೆ ಬನ್ನಿ. ಬಂಡೀಪುರದ ಬಾಗಿಲು ಅದು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಜೇನುಕುರುಬರ, ಕಾಡುಕುರುಬರ ಹಾಡಿಗಳನ್ನು ಕಾಡಿನಿಂದ ಹೊರಗೆ ತಂದರು. 2012ರ ಅಕ್ಟೋಬರ್‌ನಲ್ಲಿ ಬಂಡೀಪುರದ ಸುತ್ತಲಿನ 123 ಹಳ್ಳಿಗಳನ್ನು ಪರಿಸರ ಸೂಕ್ಷ್ಮ ವಲಯ ಅಂತ ಘೋಷಿಸಿದರು. ಆ ಗೆರೆಯ ಒಳಗೆ ಗಣಿಗಾರಿಕೆ ಇಲ್ಲ. ಒಳ್ಳೇದು. ಗೆರೆಯ ಹೊರಗೆ? ಬೆಂಗಳೂರು, ಮೈಸೂರಿನ ಕಟ್ಟಡಗಳಿಗೆ ಜಲ್ಲಿ ಬೇಕು. ನದಿ ಮರಳು ಸಿಗಲ್ಲ, ಎಂ ಸ್ಯಾಂಡ್ ಬೇಕು. ಗಡಿಯಾಚೆ ಕೇರಳಕ್ಕೂ ಬೇಕು. ಕ್ರಷರ್‌ಗಳು ಎದ್ದವು, ಟಿಪ್ಪರ್‌ಗಳು ಓಡಿದವು. ಬೆಳೆಯ ಮೇಲೆ ಧೂಳು, ಗೋಡೆಯಲ್ಲಿ ಬಿರುಕು ಅಂತ ರೈತರು ಮನವಿ ಕೊಡುತ್ತಲೇ ಬಂದರು.

2022ರ ಮಾರ್ಚ್ 4. ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಬಿಳಿಕಲ್ಲು ಕ್ವಾರಿಯ ಗುಡ್ಡವೇ ಕುಸಿದು ಬಿತ್ತು. ಕೆಳಗೆ ಕೆಲಸ ಮಾಡುತ್ತಿದ್ದ ಮೂವರು ಕಾರ್ಮಿಕರು ಬಂಡೆಗಳಡಿ ಸತ್ತರು. ಹೊಟ್ಟೆಪಾಡಿಗೆ ಉತ್ತರ ಭಾರತದಿಂದ ಬಂದವರು. ಅದೇ ವರ್ಷ ಡಿಸೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿಯ ಕರಿಕಲ್ಲು ಕ್ವಾರಿಯಲ್ಲೂ ಕಲ್ಲು ಕುಸಿದು ಮೂವರು ಸತ್ತರು. ಅವರು ಅಲ್ಲಿನವರೇ. ಒಂದೇ ವರ್ಷ, ಒಂದೇ ಜಿಲ್ಲೆ, ಎರಡು ಗುಡ್ಡ, ಆರು ಹೆಣ. ಆವಾಗ ನಮ್ಮ ಕ್ಯಾಮೆರಾಗಳು ಹೋದವು. ಬ್ರೇಕಿಂಗ್ ನ್ಯೂಸ್ ಆಯ್ತು. ಮೂರು ದಿನದ ಮೇಲೆ ಮರೆತೆವು.

ನಾನು ಹೇಳಬೇಕು ಅಂದುಕೊಂಡದ್ದು ಇಷ್ಟೇ. ಬಿಳಿಗಿರಿಯ ಬೆಟ್ಟಕ್ಕೂ ಮಡಹಳ್ಳಿಯ ಗುಡ್ಡಕ್ಕೂ ಏನು ವ್ಯತ್ಯಾಸ? ಎರಡೂ ಕಲ್ಲೇ. ಒಂದನ್ನು ಅಭಯಾರಣ್ಯದ ಕಾನೂನು ಕಾಯುತ್ತೆ ನಿಜ. ಆದರೆ ಅದರ ಜೊತೆಗೆ ಅಲ್ಲಿ ನಮ್ಮನ್ನು ಕೇಳಿ ಅನ್ನಲು ಹಕ್ಕುಪತ್ರ ಹಿಡಿದ 25 ಗ್ರಾಮಸಭೆಗಳಿವೆ. ಮಡಹಳ್ಳಿಯಂಥ ಊರಿನ ಗುಡ್ಡಕ್ಕೆ ಅದಿಲ್ಲ. ಅಲ್ಲಿ ಲೀಸು ಕೊಡೋದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಊರವರು ಮನವಿ ಕೊಡಬಹುದು, ಧರಣಿ ಕೂರಬಹುದು. ನಿಯಮಗಿರಿಯ ಹಳ್ಳಿಗಳ ಹಾಗೆ ಬೇಡ ಅನ್ನುವ ಅಧಿಕಾರ ಅವರಿಗಿಲ್ಲ.

ಕ್ವಾರಿ ನಿಂತರೆ ಕೂಲಿಯವರ ಗತಿ ಏನು ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಮಳೆ ನಂಬಿದ ಸೀಮೆಯಲ್ಲಿ ಕ್ವಾರಿಯ ದಿನಗೂಲಿ ಎಷ್ಟೋ ಮನೆಯ ಒಲೆ ಉರಿಸಿದೆ. ಮನೆ ಕಟ್ಟಲು ನನಗೂ ಜಲ್ಲಿ ಬೇಕು, ನಿಮಗೂ ಬೇಕು. ಕಲ್ಲೇ ಒಡೆಯಬೇಡಿ ಅಂತ ಯಾರೂ ಹೇಳ್ತಿಲ್ಲ. ಯಾವ ಗುಡ್ಡ, ಎಷ್ಟು ಆಳ, ಯಾವ ಹೊತ್ತಿಗೆ ಮದ್ದು, ಸತ್ತರೆ ಹೊಣೆ ಯಾರು ಅನ್ನೋದನ್ನು ಆ ಊರಿನಲ್ಲಿ ಬದುಕುವವರನ್ನು ಕೇಳಿ ತೀರ್ಮಾನಿಸಿ ಅನ್ನೋದಷ್ಟೇ ಬೇಡಿಕೆ. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ ಅದೇ 2011ರಲ್ಲಿ ಕೊಟ್ಟ ವರದಿಯ ತಿರುಳೂ ಇದೇ, ಗ್ರಾಮಸಭೆಗಳನ್ನು ಕೇಳಿ. ಆ ವರದಿಯನ್ನು ಮೂಲೆಗೆ ತಳ್ಳಿದರು. 2024ರ ಜುಲೈ 30ರ ನಸುಕಿನಲ್ಲಿ, ಗುಂಡ್ಲುಪೇಟೆಯಿಂದ ಗಡಿ ದಾಟಿದರೆ ಸಿಗುವ ವಯನಾಡಿನಲ್ಲಿ ಗುಡ್ಡ ಜಾರಿ ನೂರಾರು ಜನ ಸತ್ತಾಗ ಎಲ್ಲರಿಗೂ ಅದೇ ವರದಿ ನೆನಪಾಯ್ತು.

ಸೋಲಿಗರ ಹೋರಾಟವೂ ಮುಗಿದಿಲ್ಲ. ನಮ್ಮ ರಾಜ್ಯದಲ್ಲಿ ಸಂವಿಧಾನದ ಐದನೇ ಪರಿಚ್ಛೇದದ ಪ್ರದೇಶ ಒಂದೂ ಇಲ್ಲ. ಅಂದ್ರೆ ಒಡಿಶಾದ ಬುಡಕಟ್ಟು ಜನರಿಗೆ ಇರುವ ಪೆಸಾ ಕಾಯ್ದೆಯ ಆಸರೆ ಕರ್ನಾಟಕದ ಯಾವ ಸೋಲಿಗನಿಗೂ, ಜೇನುಕುರುಬನಿಗೂ ಇಲ್ಲ. ಅವರ ಕೈಯಲ್ಲಿರೋದು ಅರಣ್ಯ ಹಕ್ಕು ಕಾಯ್ದೆ ಒಂದೇ. 2022ರಲ್ಲಿ ಬಂದ ಹೊಸ ಅರಣ್ಯ ಸಂರಕ್ಷಣಾ ನಿಯಮಗಳು ಅದನ್ನೂ ಸಡಿಲ ಮಾಡಿದವು. ಕೇಂದ್ರ ಮೊದಲು ಒಪ್ಪಿಗೆ ಕೊಡಬಹುದು, ಜನರ ಹಕ್ಕಿನ ವಿಚಾರವನ್ನು ರಾಜ್ಯ ಆಮೇಲೆ ನೋಡಿಕೊಳ್ಳಲಿ ಅಂತ. ಮದುವೆ ಮುಗಿಸಿ ಆಮೇಲೆ ಹುಡುಗಿಯನ್ನು ಒಪ್ಪಿಗೆ ಕೇಳಿದ ಹಾಗೆ.

ಮುಂದಿನ ಸಲ ಮುಖ್ಯಮಂತ್ರಿ ಚಾಮರಾಜನಗರಕ್ಕೆ ಹೋದಾಗ ನಾವು ಮತ್ತೆ ಅಲ್ಲಿಗೆ ಮೈಕ್ ಹಿಡಿದು ಓಡ್ತೀವಿ, ಅದರಲ್ಲಿ ಅನುಮಾನ ಬೇಡ. ಕುರ್ಚಿ ಹೋಗುತ್ತಾ ಇರುತ್ತಾ ಅಂತ ಕೇಳೋರೂ ಇರ್ತಾರೆ. ಯಾರಾದರೂ ಒಬ್ಬರು ಆ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಕೇಳಲಿ. ಸ್ವಾಮಿ, ಈ ಜಿಲ್ಲೆಯಲ್ಲಿ ಮುಂದಿನ ಗುಡ್ಡಕ್ಕೆ ಪರ್ಮಿಟ್ಟು ಕೊಡೋ ಮೊದಲು ಆ ಊರವರನ್ನು ಕೇಳ್ತೀರಾ?